ಏರದ ಮೊತ್ತವೂ ಕಡಿತವೇ

ಮುಂಬಯಿಯಲ್ಲಿ ಸಂಬಳಕ್ಕೆ ದುಡಿಯುವ ನಮ್ಮಲ್ಲಿ ಹೆಚ್ಚಿನವರ ವೇತನಚೀಟಿಯಲ್ಲಿ ವೃತ್ತಿ ತೆರಿಗೆಯೆಂಬ ಸಾಲೊಂದಿರುತ್ತದೆ. ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500. 1972ರ ಬರಗಾಲದಲ್ಲಿ ಮಹಾರಾಷ್ಟ್ರದಾದ್ಯಂತ ವಿಸ್ತರಿಸಿದ ಉದ್ಯೋಗ ಖಾತರಿ ಯೋಜನೆಗೆ ಹಣ ಹೊಂದಿಸಲೆಂದೇ 1975ರಲ್ಲಿ ಈ ತೆರಿಗೆಯ ಕಾಯ್ದೆ ಬಂದಿತು. ಹಳ್ಳಿಯಲ್ಲಿ ಕೆಲಸವಿಲ್ಲದವನ ಕೂಲಿಗೆ ನಗರದ ಸಂಬಳದಾರನೂ ಪಾಲು ಕೊಡಬೇಕು, ಸರಕಾರವೂ ಅಷ್ಟೇ ಮೊತ್ತ ಸೇರಿಸಬೇಕು ಎಂಬುದು ಆಗಿನ ಏರ್ಪಾಡು. ಹೀಗಿರುವಾಗ, ಬಡವರ ಯೋಜನೆಗಳ ಅನುದಾನ ಕಡಿತವಾದಾಗಲೆಲ್ಲ "ಬಿಟ್ಟಿ ಭಾಗ್ಯಕ್ಕೆ ಕತ್ತರಿ ಬಿದ್ದದ್ದು ಒಳ್ಳೆಯದೇ ಆಯಿತು" ಎಂದು ನಮ್ಮ ಕನ್ನಡ ಬಳಗದವರೇ ಬರೆಯುವುದನ್ನು ಓದಿ ನನಗೆ ನಿಜಕ್ಕೂ ನೋವಾಗುತ್ತದೆ.

ಕಡಿತವೆಂದರೆ ಬಜೆಟ್ ಭಾಷಣದಲ್ಲಿ ಘೋಷಿಸಿ ಮಾಡುವುದಷ್ಟೇ ಅಲ್ಲ. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರಕಾರ 2007ರಲ್ಲಿ ಕೊಡುತ್ತಿದ್ದ ಪಾಲು ತಿಂಗಳಿಗೆ 200 ರೂಪಾಯಿ. ಎಂಬತ್ತು ದಾಟದವರಿಗೆ ಇಂದಿಗೂ ಅಷ್ಟೇ. ಈ ಪಿಂಚಣಿಗಳನ್ನೆಲ್ಲ ಒಳಗೊಂಡ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ 2022–23ರ ಬಜೆಟ್ಟಿನಲ್ಲಿ ಇಟ್ಟದ್ದು 9,652 ಕೋಟಿ, 2025–26ರಲ್ಲಿ ಇಟ್ಟದ್ದೂ ಅಷ್ಟೇ. ಅಕ್ಕಿ, ಬೇಳೆ, ಔಷಧಿಗಳ ಬೆಲೆ ಏರುತ್ತಿರುವಾಗ ಅಂಕಿ ಮಾತ್ರ ಕದಲದೆ ನಿಂತರೆ ಅದು ಪ್ರತಿವರ್ಷವೂ ಸದ್ದಿಲ್ಲದೆ ನಡೆಯುವ ಕಡಿತವೇ.

ಭಾನುವಾರಗಳಲ್ಲಿ ನಮ್ಮ ಸಂಘದಲ್ಲಿ ಕುಳಿತು ನಾನು ಅರ್ಜಿಗಳನ್ನು ತುಂಬಿಕೊಡುತ್ತೇನೆ. ಈಚೆಗೆ ದಕ್ಷಿಣ ಕನ್ನಡ ಮೂಲದ ಹಿರಿಯರೊಬ್ಬರು ಬಂದಿದ್ದರು. ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದು, ಒಂದಲ್ಲ ಒಂದು ಹೋಟೆಲಿನ ಒಲೆಯ ಮುಂದೆ ಆಯುಷ್ಯ ಕಳೆದವರು. ಪಿಎಫ್ ಇಲ್ಲ, ಮನೆಯಿಲ್ಲ. ಈಗ ಬೆಳಗಿನ ಹೊತ್ತು ಈರುಳ್ಳಿ ಹೆಚ್ಚಿ, ತೆಂಗಿನಕಾಯಿ ತುರಿದು ಕೊಟ್ಟರೆ ಊಟ ಮತ್ತು ದಿನಕ್ಕೆ 150 ರೂಪಾಯಿ ಸಿಗುತ್ತದೆ. 65 ದಾಟಿದವರಿಗೆ ರಾಜ್ಯದ ಶ್ರಾವಣಬಾಳ ಪಿಂಚಣಿ ಯೋಜನೆಯಿದೆ, 2023ರಿಂದ ಅದರ ಮೊತ್ತ ತಿಂಗಳಿಗೆ 1,500 ರೂಪಾಯಿ. ಆದರೆ ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 21,000 ರೂಪಾಯಿಯೊಳಗೆ ಇರಬೇಕು, ಅಂದರೆ ದಿನಕ್ಕೆ ಅರುವತ್ತು ರೂಪಾಯಿಗೂ ಕಡಿಮೆ. ಮಿತಿಯನ್ನು ಓದಿ ಹೇಳಿದಾಗ ಅವರು, "ಅಷ್ಟೇ ಅಂತ ಬರೆದರೆ ನಾನು ಏನು ತಿಂದು ಬದುಕಿದ್ದೇನೆ ಅಂತ ಕೇಳುದಿಲ್ವಾ ಮಾರಾಯ್ರೆ?" ಎಂದರು. ನಾನು ಉತ್ತರಿಸಲಿಲ್ಲ. ಮುಂಬಯಿಯಲ್ಲಿ ಜೀವ ಹಿಡಿದುಕೊಂಡಿರುವ ಯಾರೂ ಪ್ರಾಮಾಣಿಕವಾಗಿ ಒಳಗೆ ಉಳಿಯಲಾರದ ಈ ಗೆರೆ ನಿಜವಾಗಿ ಅಗತ್ಯವಿರುವವರನ್ನು ಹೊರಗಿಡುತ್ತದೆ, ಇಲ್ಲವೇ ಸುಳ್ಳು ಬರೆಯುವಂತೆ ಮಾಡುತ್ತದೆ. ಮಿತಿಯನ್ನು ಏರಿಸದೆ ಉಳಿಸಿದ ಹಣ ಯಾವ ಬಜೆಟ್ ಪುಸ್ತಕದಲ್ಲೂ ಕಡಿತವೆಂದು ದಾಖಲಾಗುವುದಿಲ್ಲ.

ಬೊಕ್ಕಸದಲ್ಲಿ ಹಣವಿಲ್ಲ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಣವಿಲ್ಲದಿದ್ದಾಗ ಮೊದಲು ಯಾರ ತಟ್ಟೆಗೆ ಕೈ ಹಾಕುತ್ತೇವೆ ಎಂಬುದನ್ನು ನೋಡಬೇಕು. 2024ರ ವಿಧಾನಸಭಾ ಚುನಾವಣೆಗೆ ಮುನ್ನ ಆರಂಭವಾದ, ಬಡ ಮಹಿಳೆಯರಿಗೆ ತಿಂಗಳು ತಿಂಗಳು ಹಣ ಕೊಡುವ ಲಾಡ್ಕಿ ಬಹಿಣ್ ಯೋಜನೆಗೆ ವರ್ಷಕ್ಕೆ 46,000 ಕೋಟಿ ಬೇಕೆಂದು ಸರಕಾರವೇ ಹೇಳಿತ್ತು. 2025–26ರ ಬಜೆಟ್ಟಿನಲ್ಲಿ ಅದಕ್ಕೆ ಸಿಕ್ಕಿದ್ದು 36,000 ಕೋಟಿ, ಮತ ಕೇಳುವಾಗ ಭರವಸೆ ಕೊಟ್ಟ ತಿಂಗಳಿಗೆ 2,100 ರೂಪಾಯಿ ಬರಲೇ ಇಲ್ಲ. ಅದೇ ವರ್ಷ ತಮ್ಮ ಇಲಾಖೆಯ ಹಣವನ್ನು ಈ ಯೋಜನೆಗೆ ತಿರುಗಿಸಿದ್ದನ್ನು ಸಾಮಾಜಿಕ ನ್ಯಾಯ ಸಚಿವ ಸಂಜಯ್ ಶಿರ್ಸಾಟ್ ಅವರೇ ಬಹಿರಂಗವಾಗಿ ಆಕ್ಷೇಪಿಸಿದರು. ಒಬ್ಬ ಬಡವಿಗೆ ಕೊಡಲು ದಲಿತ, ಆದಿವಾಸಿ ಮಕ್ಕಳ ಪಾಲನ್ನು ಎತ್ತುವುದು ಮಿತವ್ಯಯವಲ್ಲ, ಅನ್ಯಾಯ.

ಇನ್ನು ಉದ್ಯೋಗ ಖಾತರಿ. ಮಹಾರಾಷ್ಟ್ರದ ಅನುಭವದ ಮೇಲೆ ನಿಂತ 2005ರ ಕೇಂದ್ರ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಹೊಸ ಕಾಯ್ದೆ ಬಂದಿದೆ. ವರ್ಷಕ್ಕೆ ಖಾತರಿಯಾದ ಕೆಲಸದ ದಿನಗಳು ನೂರರಿಂದ 125ಕ್ಕೆ ಏರಿವೆಯಾದರೂ, ಹಿಂದೆ ಕೂಲಿಯನ್ನು ಪೂರ್ಣವಾಗಿ ಭರಿಸುತ್ತಿದ್ದ ಕೇಂದ್ರ ಈಗ ಬಹುತೇಕ ರಾಜ್ಯಗಳ ಮೇಲೆ ನೂರಕ್ಕೆ ನಲವತ್ತರಷ್ಟು ಹೊರೆ ಹೊರಿಸಿದೆ. ನಿಗದಿತ ಹಂಚಿಕೆಗಿಂತ ಹೆಚ್ಚಾದ ವೆಚ್ಚವೆಲ್ಲ ರಾಜ್ಯದ್ದೇ. ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಕೆಲಸ ನಿಂತರೆ ಆ ಕುಟುಂಬಗಳು ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಇಲ್ಲಿಯ, ಪುಣೆಯ ಕಟ್ಟಡಗಳ ಕೆಲಸಕ್ಕೆ ಬರುತ್ತವೆ. ಅವರನ್ನು ನಾವು ದಿನವೂ ಕಾಣುತ್ತೇವೆ.

ಸರಕಾರಿ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಪ್ರಕಾರ ವರ್ಷಕ್ಕೆರಡು ಬಾರಿ ಪರಿಷ್ಕರಣೆಯಾಗುತ್ತದೆ, ಅದು ನ್ಯಾಯವೇ. ಅದೇ ಸೂಚ್ಯಂಕಕ್ಕೆ ವೃದ್ಧರ ಪಿಂಚಣಿಯನ್ನೂ 21,000ದ ಆದಾಯ ಮಿತಿಯನ್ನೂ ಜೋಡಿಸಬೇಕೆಂದು, ಮಾರ್ಚ್ ತಿಂಗಳ ರಾಜ್ಯ ಬಜೆಟ್ಟಿಗೆ ಮುನ್ನ ನಮ್ಮ ಶಾಸಕರಿಗೆ ಮನವಿ ಕೊಡಲಿದ್ದೇವೆ. ವೃತ್ತಿ ತೆರಿಗೆ ಕಟ್ಟುವವರು ಅದಕ್ಕೆ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.