ಸ್ಪಷ್ಟನೆ: ಮರದ ಕುದುರೆ 'ಇಲಿಯಡ್'ನದಲ್ಲ

2004ರ 'ಟ್ರಾಯ್' ಸಿನಿಮಾ ನೋಡಿದರೆ ಪ್ರಾಚೀನ ಗ್ರೀಕ್ ಕವಿ ಹೋಮರನ 'ಇಲಿಯಡ್' ಕಾವ್ಯ ಓದಿದಂತೆಯೇ ಎಂಬ ಮಾತು ಹರಿದಾಡುತ್ತಿದೆ. ಹಾಗಲ್ಲ. ಕಾವ್ಯ ಟ್ರಾಯ್ ನಗರದ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಗೇ ಮುಗಿಯುತ್ತದೆ. ಸಿನಿಮಾದಲ್ಲಿರುವ, ಗ್ರೀಕ್ ಯೋಧರು ಒಳಗೆ ಅಡಗಿ ಟ್ರಾಯ್ ಹೊಕ್ಕ ಮರದ ಕುದುರೆಯ ಕಥೆ ಬರುವುದು ಹೋಮರನದೇ ಇನ್ನೊಂದು ಕಾವ್ಯ 'ಒಡಿಸ್ಸಿ'ಯಲ್ಲಿ.

ಕಥೆಗಿಂತ ಹೆಚ್ಚು ಬದಲಾದದ್ದು ಧಾಟಿ. 3ನೇ ಸರ್ಗದ ದ್ವಂದ್ವಯುದ್ಧವನ್ನೇ ನೋಡಿ. ಸ್ಪಾರ್ಟಾದ ರಾಜ ಮೆನೆಲಾಸ್, ತನ್ನ ಹೆಂಡತಿ ಹೆಲೆನಳನ್ನು ಟ್ರಾಯ್‌ಗೆ ಕರೆದೊಯ್ದ ಪ್ಯಾರಿಸನನ್ನು ಶಿರಸ್ತ್ರಾಣ ಹಿಡಿದು ದರದರನೆ ಎಳೆಯುತ್ತಾನೆ. ದೇವತೆ ಆಫ್ರೊಡೈಟಿ ಗದ್ದದಡಿಯ ಪಟ್ಟಿ ಕಿತ್ತು, ಪ್ಯಾರಿಸನನ್ನು ಮಂಜಿನಲ್ಲಿ ಮರೆಮಾಡಿ, ನೇರ ಮಲಗುವ ಕೋಣೆಗೆ ಸಾಗಿಸುತ್ತಾಳೆ! ಮೆನೆಲಾಸನ ಕೈಯಲ್ಲಿ ಉಳಿದದ್ದು ಖಾಲಿ ಶಿರಸ್ತ್ರಾಣ. ಓದುಗನಿಗೆ ನಗು ಬಂದರೆ ತಪ್ಪಿಲ್ಲ.

ಸಿನಿಮಾ ದೇವತೆಗಳ ಕೈವಾಡವನ್ನು ಬಿಟ್ಟಿತು. ಹಾಗಾಗಿ ಪ್ಯಾರಿಸ್ ಅಣ್ಣ ಹೆಕ್ಟರನ ಕಾಲಿಗೆ ತೆವಳಬೇಕಾಯಿತು, ಅಣ್ಣ ಮೆನೆಲಾಸನನ್ನು ಕೊಲ್ಲಬೇಕಾಯಿತು. ನಗು ಹೋಗಿ ನಾಚಿಕೆ ಬಂತು. (ಹೋಮರನಲ್ಲಿ ಮೆನೆಲಾಸ್ ಬದುಕುಳಿದು, ಹೆಲೆನಳೊಂದಿಗೆ ಸ್ಪಾರ್ಟಾದಲ್ಲಿ ಸಂಸಾರ ಮಾಡುತ್ತಾನೆ.) ಮಗ ಹೆಕ್ಟರನ ಶವಕ್ಕಾಗಿ ಟ್ರಾಯ್ ರಾಜ ಪ್ರಿಯಮ್, ಅವನನ್ನು ಕೊಂದ ಗ್ರೀಕ್ ವೀರ ಅಕಿಲೀಸನ ಕೈಗೆ ಮುತ್ತಿಡುವ 24ನೇ ಸರ್ಗದ ಭಾಗ ಮಾತ್ರ ಸಿನಿಮಾದಲ್ಲೂ ಹೆಚ್ಚುಕಡಿಮೆ ಮೂಲದ ಗಾಂಭೀರ್ಯದಲ್ಲೇ ಇದೆ.