ಬಾನೆಟ್ ಎತ್ತಿದವನ ಗತ್ತು

ಕಾರಿನ ಬಾನೆಟ್ ಎತ್ತಿ ನಿಂತವನಿಗೆ ಒಂದು ಗತ್ತು ತಾನಾಗಿ ಬಂದುಬಿಡುತ್ತದೆ. ಒಳಗಿರುವುದರಲ್ಲಿ ಅರ್ಧ ಏನು ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಸೊಂಟಕ್ಕೆ ಕೈಯಿಟ್ಟು "ಹೂಂ" ಅಂದರೆ ಸಾಕು. ದಾರಿಯಲ್ಲಿ ಹೋಗುವವರು "ಏನಾಯ್ತು ಸಾರ್?" ಅಂತ ನಿಂತೇಬಿಡುತ್ತಾರೆ.

ಏನೂ ಆಗಿರುವುದಿಲ್ಲ. ತಿಂಗಳಿಗೊಂದು ಭಾನುವಾರ, ಕಾಫಿ ಮುಗಿಸಿ, ಹಳೇ ಬನಿಯನ್ ಚೂರು ಹಿಡಿದು ಇಳಿಯುವುದು ನನ್ನ ಅಭ್ಯಾಸ. ಮೊದಲು ಎಂಜಿನ್ ಆಯಿಲ್. ಎಣ್ಣೆ ಎಷ್ಟಿದೆ ಅಂತ ಅಳೆಯುವ ಆ ಡಿಪ್‌ಸ್ಟಿಕ್ ಕಡ್ಡಿ ಮೊದಲ ಸಲ ಹೇಳುವುದನ್ನು ನಂಬಬಾರದು. ಕೊಳವೆಗೆ ಅಂಟಿದ ಎಣ್ಣೆಯನ್ನೆಲ್ಲ ಮೈಗೆ ಬಳಿದುಕೊಂಡು ಬಂದಿರುತ್ತದೆ. ಒರೆಸಿ, ಪೂರ್ತಿ ಒಳಗಿಳಿಸಿ, ಮತ್ತೆ ಎಳೆದರೆ ಆಗ ನಿಜ ಹೇಳುತ್ತದೆ. ನಮ್ಮ ಮಗನೂ ಹೀಗೇ, ಮಾರ್ಕ್ಸ್ ಎಷ್ಟು ಅಂತ ಎರಡು ಸಲ ಕೇಳಬೇಕು. ಕಡ್ಡಿಯ ಎರಡು ಗೆರೆಗಳ ನಡುವೆ ಎಣ್ಣೆ ನಿಂತರೆ ಸರಿ. "ಸ್ವಲ್ಪ ಜಾಸ್ತಿನೇ ಇರಲಿ" ಅಂತ ಸುರಿಯಲು ಇದೇನು ತುಪ್ಪ ಅಲ್ವಲ್ಲ. ಮೇಲಿನ ಗೆರೆ ಮೀರಿದರೆ ಎಂಜಿನ್ನೊಳಗೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ.

ಆಮೇಲೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಅದರ ಡಬ್ಬಿ ಈಗ ಅರೆಪಾರದರ್ಶಕ, ಎಷ್ಟಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಅಪ್ಪನ ಹಳೇ ಕಾರಿನಲ್ಲಿ ರೇಡಿಯೇಟರ್ ಮುಚ್ಚಳ ತೆಗೆದೇ ನೋಡಬೇಕಿತ್ತು. ಒಮ್ಮೆ ಚಾರ್ಮಾಡಿ ಘಾಟಿ ಹತ್ತುವಾಗ ಹೊಗೆಯಾಡಿತು. ನಾನು ಉತ್ಸಾಹದಲ್ಲಿ ಮುಚ್ಚಳಕ್ಕೆ ಕೈ ಹಾಕಿದೆ. ಅಪ್ಪ ಫಟ್ ಅಂತ ಕೈಮೇಲೆ ಹೊಡೆದರು. "ಕುಕ್ಕರ್ ಕೂಗುವಾಗ ತೆಗೀತೀಯೇನೋ?" ನಿಜ, ಒಳಗೆ ಒತ್ತಡ ಇರುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ತೆಗೆದರೆ ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಮೋರಿಕಟ್ಟೆ ಮೇಲೆ ಕೂತು, ಬುತ್ತಿಯ ಚಿತ್ರಾನ್ನ ತಿಂದು, ಆಮೇಲೆ ಝರಿಯ ನೀರು ತುಂಬಿಸಿದೆವು. ಪ್ರವಾಸದಲ್ಲಿ ಈಗ ನೆನಪಿರುವುದು ಆ ಚಿತ್ರಾನ್ನ ಒಂದೇ.

ಬ್ರೇಕ್ ಆಯಿಲ್ ಬರೀ ಕಣ್ಣಲ್ಲಿ ನೋಡುತ್ತೇನೆ. ಬ್ರೇಕ್ ಪ್ಯಾಡ್ ಸವೆದಂತೆ ಅದು ನಿಧಾನಕ್ಕೆ ಇಳಿಯುವುದು ಸಹಜ. ದಿಢೀರನೆ ಇಳಿದರೆ ಮಾತ್ರ ನನ್ನ ಗತ್ತೆಲ್ಲ ಬಿಟ್ಟು ಗ್ಯಾರೇಜಿಗೆ ಫೋನ್.

ಕಳೆದ ತಿಂಗಳು ಬ್ಯಾಟರಿ ಪಕ್ಕ ಅರ್ಧ ಚಕ್ಕುಲಿ ಸಿಕ್ಕಿತು. ಇಲಿ ತಂದಿಟ್ಟದ್ದು. ನಮ್ಮನೆಯದೇ ಎಂದು ಹೆಂಡತಿ ಗುರುತು ಹಿಡಿದಳು. ಹೊಗೆಸೊಪ್ಪು ಕಟ್ಟಿದರೆ ಇಲಿ ಹತ್ತಿರ ಸುಳಿಯಲ್ಲ ಅಂದರು ಎದುರುಮನೆ ಅಂಕಲ್. ಕಟ್ಟಿದೆ. ಈ ಭಾನುವಾರ ಬಾನೆಟ್ ಎತ್ತಿದರೆ ದಾರ ಇತ್ತು, ಹೊಗೆಸೊಪ್ಪು ಇರಲಿಲ್ಲ.