ಮೃಗಾಲಯ ವಿಸ್ತರಣೆಗೆ ಊರಿನವರ ಮತ ಕೇಳಬೇಕೇ?

ಪರ: ಜಾಗ, ದುಡ್ಡು ಕೊಡುವವರನ್ನು ಕೇಳಬೇಕಲ್ವಾ?

ನಗರದ ಮೃಗಾಲಯ ದೊಡ್ಡದಾಗಲು ಮೊದಲು ಬೇಕಾದ್ದು ಜಾಗ. ಊರೊಳಗೆ ಖಾಲಿ ಜಾಗ ಎಲ್ಲಿದೆ? ಪಕ್ಕದ ಪಾರ್ಕನ್ನೋ ಆಟದ ಮೈದಾನವನ್ನೋ ತೆಗೆದುಕೊಳ್ಳಬೇಕು. ಅದನ್ನು ಬಿಟ್ಟುಕೊಡುವವರು ಅಕ್ಕಪಕ್ಕದ ಜನ. ರಜಾದಿನದ ಟ್ರಾಫಿಕ್, ಪಾರ್ಕಿಂಗ್ ಗಲಾಟೆ ಸಹಿಸುವವರೂ ಅವರೇ. ನಕ್ಷೆ ಪೂರ್ತಿಯಾದ ಮೇಲೆ ಸಭೆ ಕರೆದು, ಬಣ್ಣದ ಚಿತ್ರ ತೋರಿಸಿ, ಸಲಹೆ ಇದ್ದರೆ ಹೇಳಿ ಎನ್ನುವುದು ಸುಮ್ನೆ ಶಾಸ್ತ್ರಕ್ಕೆ.

ಅಮೆರಿಕದ ಸೇಂಟ್ ಲೂಯಿಸ್ ನೋಡಿ. 1904ರ ವಿಶ್ವ ಮೇಳಕ್ಕೆ ಅಲ್ಲಿ ಹಕ್ಕಿಗಳ ಭಾರೀ ಪಂಜರ ಕಟ್ಟಿದ್ದರು. ಮೇಳ ಮುಗಿದ ಮೇಲೆ ಅದು ವಾಷಿಂಗ್ಟನ್‌ಗೆ ಹೋಗಬೇಕಿತ್ತು. ಊರಿನವರಿಗೆ ಅದರ ಮೇಲೆ ಎಷ್ಟು ಅಕ್ಕರೆ ಎಂದರೆ ನಗರವೇ ಕೊಂಡುಕೊಂಡಿತು. 1916ರಲ್ಲಿ ಮೃಗಾಲಯಕ್ಕಾಗಿ ತೆರಿಗೆ ಕಟ್ಟಲು ಜನರೇ ಮತ ಹಾಕಿದರು. ಅಲ್ಲಿ ಇವತ್ತಿಗೂ ಪ್ರವೇಶ ಉಚಿತ. ಜಾಗ ಸಾಲದೆ ಊರಾಚೆ 425 ಎಕರೆಯಲ್ಲಿ ಇನ್ನೊಂದು ತಾಣ ಮಾಡುವ ಯೋಜನೆ ಬಂದಾಗ, 2018ರಲ್ಲಿ ಅಲ್ಲಿನ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಮತದಾರರು ಮಾರಾಟ ತೆರಿಗೆ ಹೆಚ್ಚಿಸಲು ಒಪ್ಪಿದರು.

ಮತ ಕೇಳಬೇಕಾದರೆ ಮೃಗಾಲಯದವರು ಲೆಕ್ಕ ಬಿಚ್ಚಿಡಲೇಬೇಕು. ಎಷ್ಟು ಮರ ಹೋಗುತ್ತದೆ? ಮೇವು, ವೈದ್ಯರು, ಸಿಬ್ಬಂದಿಗೆ ವರ್ಷವರ್ಷ ದುಡ್ಡು ಎಲ್ಲಿಂದ? ಉದ್ಘಾಟನೆಯ ಗದ್ದಲದಲ್ಲಿ ಈ ಎರಡನೇ ಪ್ರಶ್ನೆ ಯಾವಾಗಲೂ ಮುಚ್ಚಿಹೋಗುತ್ತದೆ.

ವಿರೋಧ: ಮಾತು ಕೇಳಿ, ಮತಕ್ಕೆ ಹಾಕಬೇಡಿ

ಮತಕ್ಕೆ ಹಾಕಿದರೆ ಗೆಲ್ಲೋದು ಆನೆ, ಹುಲಿ, ಪಾಂಡಾ. ಸೋಲೋದು ಕ್ವಾರಂಟೈನ್ ಶೆಡ್ಡು, ಆಸ್ಪತ್ರೆ, ಯಾರೂ ಹೋಗಿ ನೋಡಲಾಗದ ಸಂತಾನಾಭಿವೃದ್ಧಿ ಕೇಂದ್ರ. ಹೆಚ್ಚು ಜಾಗ ಬೇಕಿರುವುದೇ ಇಂಥವಕ್ಕೆ.

ಅರೇಬಿಯನ್ ಓರಿಕ್ಸ್ ಎಂಬ ಬಿಳಿ ಹುಲ್ಲೆಯ ಕಥೆ ಹಾಗೇ ಇದೆ. 1960ರ ದಶಕದ ಆರಂಭದಲ್ಲೇ ಕೆಲವನ್ನು ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಟ್ಟುಗೂಡಿಸಿ ಹಿಂಡು ಬೆಳೆಸಿದರು. 1972ರಲ್ಲಿ ಮರುಭೂಮಿಯಲ್ಲಿ ಅದು ಇಲ್ಲವಾಯಿತು. ಸಾಕಿದ ಹಿಂಡುಗಳು ಇದ್ದದ್ದರಿಂದಲೇ 1982ರಲ್ಲಿ ಒಮಾನ್‌ನಲ್ಲಿ ಮತ್ತೆ ಬಿಡಲು ಆಯಿತು. ಈ ಹುಲ್ಲೆಗಾಗಿ ತೆರಿಗೆ ಕಟ್ಟಿ ಎಂದಿದ್ದರೆ ಎಷ್ಟು ಜನ ಕೈ ಎತ್ತುತ್ತಿದ್ದರು?

ಅಮೆರಿಕದ ಡೆಟ್ರಾಯಿಟ್ ನಗರ ಇನ್ನೂ ಸ್ಪಷ್ಟ ಉದಾಹರಣೆ. ಅಲ್ಲಿನ ಮೃಗಾಲಯದಲ್ಲಿ ವಿಂಕಿ, ವಾಂಡಾ ಎಂಬ ಎರಡು ವಯಸ್ಸಾದ ಆನೆಗಳಿದ್ದವು. ಕೀಲುನೋವು ಬೇರೆ. ಚಳಿಗಾಲದಲ್ಲಿ ಒಳಗೇ ಇರಬೇಕಾದ ಪಾಡು. ಇಲ್ಲಿ ಆನೆ ಸಾಕುವುದೇ ತಪ್ಪು ಎಂದು 2004ರಲ್ಲಿ ಮೃಗಾಲಯವೇ ತೀರ್ಮಾನಿಸಿತು. ಮರುವರ್ಷ ಅವನ್ನು ಕ್ಯಾಲಿಫೋರ್ನಿಯಾದ ಆಶ್ರಯಧಾಮಕ್ಕೆ ಕಳಿಸಿತು. ಆನೆಯೇ ಮೃಗಾಲಯದ ದೊಡ್ಡ ಆಕರ್ಷಣೆ. ಮತ ಎಣಿಸುತ್ತಾ ಕೂತಿದ್ದರೆ ಇಂಥ ನಿರ್ಧಾರ ಬರುತ್ತಿತ್ತು ಅನ್ನೋದು ನನಗೆ ಅನುಮಾನ.

ಪಾರ್ಕಿನ ಜಾಗ, ಮರ, ರಸ್ತೆ ವಿಚಾರದಲ್ಲಿ ನೆರೆಹೊರೆಯವರ ಮಾತು ನಡೆಯಲಿ. ಅದೂ ನಕ್ಷೆ ಬರೆಯುವ ಮೊದಲೇ. (ಸಂಜೆ ಸಭೆಗೆ ಬರುವವರು ಬಿಡುವಿದ್ದವರು ಮಾತ್ರ, ಅದನ್ನೂ ಮರೆಯಬೇಡಿ.) ಯಾವ ಪ್ರಾಣಿ, ಎಷ್ಟು, ಪ್ರತಿಯೊಂದಕ್ಕೆ ಎಷ್ಟು ಜಾಗ ಎಂಬುದನ್ನು ಪಶುವೈದ್ಯರಿಗೂ ಪ್ರಾಣಿ ನೋಡಿಕೊಳ್ಳುವವರಿಗೂ ಬಿಡಿ.

ಇನ್ನೊಂದು ಅಪಾಯವಿದೆ. ಜನ "ಬೇಡ" ಅಂದರೆ? ಹಳೆಯ ಕಾಂಕ್ರೀಟ್ ಬೋನು ಹಾಗೇ ಉಳಿಯುತ್ತದೆ. ಇಕ್ಕಟ್ಟಿನಲ್ಲಿ ಸುತ್ತು ಹಾಕುವ ಕರಡಿಗೆ ಜಾಗ ಕೊಡಬೇಕಾದ ಅಧಿಕಾರಿಗೆ, ಊರಿನವರೇ ಒಪ್ಪಲಿಲ್ಲ ಎಂಬ ನೆಪವೂ ಸಿಗುತ್ತದೆ.